ಕಿಬ್ಲಾ ತೋರಿಸುವವರು ನಮ್ಮನ್ನು ಯಾರಿಗೆ ತೋರಿಸುತ್ತಿದ್ದಾರೆ?

ನಮಾಝ್‌ನ ವೇಳೆ ತಿಳಿಸುವ, ಕಿಬ್ಲಾದ ದಿಕ್ಕು ತೋರಿಸುವ, ಹೊತ್ತಿಗೆ ಸರಿಯಾಗಿ ಅಝಾನ್ ಮೊಳಗಿಸುವ ಆ್ಯಪ್‌ಗಳನ್ನು ಮೊಬೈಲಿಗೆ ಇಳಿಸಿಕೊಳ್ಳುವಾಗ ಅವು ಉಚಿತವೇ ಎಂದು ನಾವು ನೋಡುತ್ತೇವೆಯೇ ಹೊರತು ಏಕೆ ಉಚಿತ ಎಂದು ಕೇಳುವುದಿಲ್ಲ. ಮಾಂಸದಂಗಡಿಯಲ್ಲಿ ಝಬಹ್ ಮಾಡಿದವರು ಯಾರೆಂದು ವಿಚಾರಿಸುವವರು ನಾವು. ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಅದರಲ್ಲಿ ಪ್ರಾಣಿಜನ್ಯ ಕೊಬ್ಬಿದೆಯೇ ಎಂದು ಓದುವವರು ನಾವು. ಆದರೆ ಅಂಗೈಯೊಳಗಿನ ಯಂತ್ರವು ಒಡ್ಡುವ ಪ್ರತಿಯೊಂದು ಬೇಡಿಕೆಗೂ ಓದದೆಯೇ ಸಮ್ಮತಿಯ ಗುಂಡಿಯನ್ನು ಒತ್ತುತ್ತೇವೆ. ಈ ಔದಾರ್ಯದ ಫಲವೇನೆಂಬುದು 2020ರ ನವೆಂಬರ್‌ನಲ್ಲೇ ಬಯಲಾಯಿತು. ಸಮುದಾಯವು ಅದನ್ನು ಒಂದಷ್ಟು ದಿನ ಅಲ್ಲಿಂದಿಲ್ಲಿಗೆ ರವಾನಿಸಿ, ಸಾಕಷ್ಟು ಆಕ್ರೋಶ ವ್ಯಕ್ತಪಡಿಸಿ, ಬಳಿಕ ಮರೆತುಬಿಟ್ಟಿತು.

ಆ ತಿಂಗಳು 'ಮದರ್‌ಬೋರ್ಡ್' ಎಂಬ ಅಮೆರಿಕದ ಸುದ್ದಿತಾಣವು ಒಂದು ವರದಿಯನ್ನು ಪ್ರಕಟಿಸಿತು. 9.8 ಕೋಟಿಗಿಂತಲೂ ಹೆಚ್ಚು ಬಾರಿ ಇಳಿಸಿಕೊಳ್ಳಲಾಗಿದ್ದ 'ಮುಸ್ಲಿಮ್ ಪ್ರೊ' ಎಂಬ ಆ್ಯಪ್, ತನ್ನ ಬಳಕೆದಾರರು ಎಲ್ಲೆಲ್ಲಿದ್ದಾರೆ ಎಂಬ ಮಾಹಿತಿಯನ್ನು 'ಎಕ್ಸ್-ಮೋಡ್' ಎಂಬ ಸಂಸ್ಥೆಗೆ ಕಳುಹಿಸುತ್ತಿತ್ತು. ಎಕ್ಸ್-ಮೋಡ್‌ನ ವ್ಯಾಪಾರವೇ ಇಂತಹ ಮಾಹಿತಿಯ ಮಾರಾಟ. ಅದರ ಗಿರಾಕಿಗಳಲ್ಲಿ ಅಮೆರಿಕದ ಸೈನ್ಯಕ್ಕೆ ಕೆಲಸ ಮಾಡಿಕೊಡುವ ಗುತ್ತಿಗೆದಾರರೂ ಇದ್ದರು. ಅಫ್ಘಾನಿಸ್ತಾನದಲ್ಲೂ ಇರಾಕ್‌ನಲ್ಲೂ ಬಾಂಬು ಸುರಿಸಿದ ಸೈನ್ಯ ಅದು. ತಾವು ಸೈನ್ಯಕ್ಕೆ ನೇರವಾಗಿ ಏನನ್ನೂ ಮಾರಿಲ್ಲವೆಂದು ಆ್ಯಪ್‌ನವರು ಸ್ಪಷ್ಟನೆ ನೀಡಿದರು. ಎಕ್ಸ್-ಮೋಡ್‌ನೊಂದಿಗಿನ ಸಂಬಂಧವನ್ನು ಕಡಿದುಕೊಂಡುದಾಗಿಯೂ ಹೇಳಿದರು. ನೇರವಾಗಿ ಮಾರಿಲ್ಲ ಎಂಬುದು ನಿಜವೇ ಇರಬಹುದು. ಆದರೆ ಹಿತ್ತಿಲ ಬಾಗಿಲಿನ ಕೀಲಿಕೈಯನ್ನು ಸಂತೆಯಲ್ಲಿ ಮಾರಿದವನು, ಕಳ್ಳನಿಗೆ ತಾನು ಕೊಟ್ಟಿಲ್ಲ ಎಂದು ಹೇಳುವುದರಲ್ಲಿ ಯಾವ ಸಮಾಧಾನವಿದೆ?

ಇದು ಒಂದೇ ಆ್ಯಪ್‌ನ ಕಥೆಯಾಗಿದ್ದರೆ ಮರೆತುಬಿಡಬಹುದಿತ್ತು. 2021ರ ಜನವರಿಯಲ್ಲಿ 'ಸಲಾತ್ ಫಸ್ಟ್' ಎಂಬ ಇನ್ನೊಂದು ನಮಾಝ್ ಆ್ಯಪ್, 'ಪ್ರೆಡಿಸಿಯೊ' ಎಂಬ ಫ್ರೆಂಚ್ ಸಂಸ್ಥೆಗೆ ಬಳಕೆದಾರರ ಚಲನವಲನಗಳನ್ನು ಮಾರುತ್ತಿದ್ದುದು ಬೆಳಕಿಗೆ ಬಂತು. 2022ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಅಂಗಡಿಯಿಂದ ಹಲವು ಆ್ಯಪ್‌ಗಳನ್ನು ಕಿತ್ತುಹಾಕಿದ ವಿಷಯ ಬಹಿರಂಗವಾಯಿತು. ಅವುಗಳಲ್ಲಿ ಒಂದು ಕೋಟಿಗೂ ಹೆಚ್ಚು ಬಾರಿ ಇಳಿಸಿಕೊಳ್ಳಲಾಗಿದ್ದ 'ಅಲ್ ಮೊಅಝಿನ್' ಸೇರಿತ್ತು, ಕಿಬ್ಲಾ ತೋರಿಸುವ ಇನ್ನೊಂದು ಆ್ಯಪ್ ಕೂಡ ಸೇರಿತ್ತು. ಅವುಗಳೊಳಗೆ ಅಡಗಿದ್ದ ಸಾಫ್ಟ್‌ವೇರ್ ತುಣುಕು ಬಳಕೆದಾರರ ಫೋನ್ ಸಂಖ್ಯೆ, ಇ-ಮೇಲ್ ವಿಳಾಸ, ಇರುವ ಸ್ಥಳ ಎಲ್ಲವನ್ನೂ ಬಾಚಿಕೊಳ್ಳುತ್ತಿತ್ತು. ಆ ತುಣುಕನ್ನು ಹಂಚಿದ ಕಂಪೆನಿಗೆ ಅಮೆರಿಕದ ರಕ್ಷಣಾ ಗುತ್ತಿಗೆದಾರನೊಬ್ಬನ ನಂಟಿದ್ದುದು ಕೂಡ ವರದಿಯಾಯಿತು. ಮೂರು ವರ್ಷಗಳೊಳಗೆ ಮೂರು ಪ್ರಕರಣಗಳು. ಮೂರರಲ್ಲೂ ನಮಾಝ್‌ಗೆ ಸಂಬಂಧಿಸಿದ ಆ್ಯಪ್‌ಗಳು ಸಿಕ್ಕಿಬಿದ್ದಿದ್ದವು.

ಈ ವ್ಯಾಪಾರ ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ಕಂಪ್ಯೂಟರ್ ಪದವಿಯ ಅಗತ್ಯವಿಲ್ಲ. ಆ್ಯಪ್ ತಯಾರಿಸುವವನ ಬಳಿಗೆ ಮಾಹಿತಿ ವ್ಯಾಪಾರಿ ಬರುತ್ತಾನೆ. ತಾನು ಸಿದ್ಧಪಡಿಸಿರುವ ಒಂದು ತುಣುಕನ್ನು ನಿನ್ನ ಆ್ಯಪ್‌ನೊಳಗೆ ಸೇರಿಸು, ಬಳಕೆದಾರರ ಸಂಖ್ಯೆಗನುಗುಣವಾಗಿ ತಿಂಗಳು ತಿಂಗಳು ಹಣ ಕೊಡುತ್ತೇನೆ ಎನ್ನುತ್ತಾನೆ. ಬಳಿಕ ಆ ತುಣುಕು ಆ್ಯಪ್‌ಗೆ ಸಿಕ್ಕಿದ ಅನುಮತಿಯನ್ನೇ ಬಳಸಿಕೊಂಡು, ಫೋನ್ ಯಾವ ಅಕ್ಷಾಂಶ ರೇಖಾಂಶದಲ್ಲಿದೆ, ಯಾವ ಗಂಟೆಯಲ್ಲಿ, ಯಾವ ವೈಫೈಯ ಬಳಿ ಎಂಬುದನ್ನು ಕಳುಹಿಸುತ್ತಿರುತ್ತದೆ. ಅದರಲ್ಲಿ ಹೆಸರಿಲ್ಲ ಎಂದು ವ್ಯಾಪಾರಿಗಳು ವಾದಿಸುತ್ತಾರೆ. ಹೆಸರು ಯಾರಿಗೆ ಬೇಕು? ರಾತ್ರಿ ಫೋನ್ ಎಲ್ಲಿ ಮಲಗುತ್ತದೋ ಅದು ಮನೆ. ಹಗಲು ಎಲ್ಲಿರುತ್ತದೋ ಅದು ಅಂಗಡಿ ಅಥವಾ ಕಚೇರಿ. ಶುಕ್ರವಾರ ಮಧ್ಯಾಹ್ನ ಯಾವ ಮಸೀದಿ, ತಿಂಗಳಿಗೊಮ್ಮೆ ಯಾವ ಆಸ್ಪತ್ರೆ, ಚುನಾವಣೆಯ ಹೊತ್ತಿನಲ್ಲಿ ಯಾವ ಸಭೆ ಎಂಬುದೆಲ್ಲ ಗೊತ್ತಾದ ಮೇಲೆ ಹೆಸರನ್ನು ಪತ್ತೆಹಚ್ಚುವುದು ಅಂಚೆಯವನಿಗೂ ಸಾಧ್ಯ.

2024ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಹೆಸರು ಬದಲಿಸಿಕೊಂಡಿದ್ದ ಇದೇ ಎಕ್ಸ್-ಮೋಡ್ ಸೂಕ್ಷ್ಮ ಸ್ಥಳಗಳ ಮಾಹಿತಿಯನ್ನು ಮಾರುವುದನ್ನು ನಿಷೇಧಿಸಿತು. ಆರಾಧನಾಲಯಗಳ ಭೇಟಿಯೂ ಆ ಸೂಕ್ಷ್ಮ ಸ್ಥಳಗಳ ಪಟ್ಟಿಯಲ್ಲಿದೆ. ಅಂದರೆ ಮಸೀದಿಗೆ ಹೋಗಿಬಂದ ವಿವರವು ಮಾರಾಟದ ಸರಕಲ್ಲ ಎಂದು ಅಮೆರಿಕದ ಒಂದು ಸರಕಾರಿ ಆಯೋಗಕ್ಕೆ ಅನಿಸಿದೆ. ನಮಗಿನ್ನೂ ಅನಿಸಿಲ್ಲ.

ಇಷ್ಟಕ್ಕೂ ನಮಾಝ್‌ನ ವೇಳೆ ಲೆಕ್ಕ ಹಾಕಲು ಒಬ್ಬನ ಸ್ಥಳವನ್ನು ಇಪ್ಪತ್ತನಾಲ್ಕು ಗಂಟೆಯೂ ಹಿಂಬಾಲಿಸುವ ಅಗತ್ಯವಿದೆಯೇ? ನಮಾಝ್‌ನ ವೇಳೆಗಳು ಸೂರ್ಯನ ಸ್ಥಾನವನ್ನು ಅವಲಂಬಿಸಿವೆ. ರೇಖಾಂಶದಲ್ಲಿ ಒಂದು ಡಿಗ್ರಿ ಸರಿದರೆ ನಾಲ್ಕು ನಿಮಿಷದ ವ್ಯತ್ಯಾಸ. ಮಂಗಳೂರಿಗೂ ಬೆಂಗಳೂರಿಗೂ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುವುದರಲ್ಲಿರುವ ಅಂತರ ಸುಮಾರು 11 ನಿಮಿಷ. ಒಂದೇ ಊರಿನ ಈ ತುದಿಗೂ ಆ ತುದಿಗೂ ಇರುವುದು ಬರಿಯ ಸೆಕೆಂಡುಗಳ ಅಂತರ. ಊರಿನ ಹೆಸರೊಂದನ್ನು ಒಮ್ಮೆ ಕೊಟ್ಟರೆ ವರ್ಷವಿಡೀ ಲೆಕ್ಕ ಹಾಕಬಹುದು. ನಮ್ಮ ಮಸೀದಿಯ ಗೋಡೆಯಲ್ಲಿ ತೂಗುವ ವೇಳಾಪಟ್ಟಿ ಮಾಡುತ್ತಿರುವುದೂ ಇದನ್ನೇ. ಅದು ಇಂದಿನವರೆಗೆ ಯಾರ ಹಿಂದೆಯೂ ನಡೆದುಕೊಂಡು ಹೋಗಿಲ್ಲ. ಕಿಬ್ಲಾದ ಮಾತೂ ಅಷ್ಟೇ. ಸಾವಿರ ವರ್ಷಗಳ ಹಿಂದೆ ಅಲ್ ಬಿರೂನಿ ಗಝ್ನಿಯಿಂದ ಮಕ್ಕಾದ ದಿಕ್ಕನ್ನು ಗಣಿತದಿಂದ ಕಂಡುಹಿಡಿಯಲೆಂದು ಗ್ರಂಥವನ್ನೇ ರಚಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ದಮಾಸ್ಕಸ್‌ನ ಉಮಯ್ಯಾ ಮಸೀದಿಯಲ್ಲಿ ಇಬ್ನುಶ್ಶಾತಿರ್ ಎಂಬ ಖಗೋಳ ವಿಜ್ಞಾನಿ 'ಮುವಕ್ಕಿತ್' ಆಗಿದ್ದರು; ನಮಾಝ್‌ನ ವೇಳೆ ಲೆಕ್ಕ ಹಾಕುವುದೇ ಆ ಹುದ್ದೆಯ ಕೆಲಸ. ಮಸೀದಿಗೊಬ್ಬ ಖಗೋಳ ವಿಜ್ಞಾನಿಯನ್ನು ನೇಮಿಸಿದ್ದ ಸಮುದಾಯವು ಇಂದು ಅಸರ್‌ನ ವೇಳೆ ತಿಳಿಯಲಿಕ್ಕಾಗಿ ತನ್ನ ಹೆಜ್ಜೆಗಳನ್ನೆಲ್ಲ ಒತ್ತೆ ಇಡುತ್ತಿದೆ!

ಖಾಸಗಿತನವೆಂಬುದು ಪಾಶ್ಚಾತ್ಯರ ಗೀಳು, ವ್ಯಕ್ತಿವಾದದ ಕೂಸು ಎಂದು ಹೇಳುವವರು ನಮ್ಮ ವೇದಿಕೆಗಳಲ್ಲಿ ಇದ್ದಾರೆ. ಅವರು ಮದ್ರಸದಲ್ಲಿ ಕಲಿತ ಪಾಠವನ್ನೊಮ್ಮೆ ನೆನಪಿಸಿಕೊಳ್ಳಲಿ. ಪವಿತ್ರ ಕುರ್‌ಆನ್ ಸೂರಃ ಅಲ್ ಹುಜುರಾತ್‌ನಲ್ಲಿ ಗುಮಾನಿ, ಗೂಢಚರ್ಯೆ ಮತ್ತು ಪರದೂಷಣೆಗಳನ್ನು ಒಂದೇ ಸೂಕ್ತದಲ್ಲಿ ನಿಷೇಧಿಸಿದೆ. ಸೂರಃ ಅನ್ನೂರ್ ಅನುಮತಿ ಪಡೆಯದೆ, ಸಲಾಮ್ ಹೇಳದೆ ಇತರರ ಮನೆ ಹೊಗಬಾರದೆಂದು ಆದೇಶಿಸಿದೆ. ಅಷ್ಟಕ್ಕೇ ನಿಲ್ಲದೆ, ಫಜ್ರ್‌ಗೆ ಮುಂಚೆ, ಮಧ್ಯಾಹ್ನ ಬಟ್ಟೆ ಸಡಿಲಿಸುವ ಹೊತ್ತಿನಲ್ಲಿ ಮತ್ತು ಇಶಾದ ಬಳಿಕ, ಹೀಗೆ ಮೂರು ಹೊತ್ತು ಮನೆಯ ಮಕ್ಕಳು ಮತ್ತು ಸೇವಕರು ಕೂಡ ಕೇಳಿಯೇ ಒಳಬರಬೇಕೆಂದು ವಿಧಿಸಿದೆ. ಸ್ವಂತ ಮಗುವೂ ಕದ ತಟ್ಟಬೇಕಾದ ಆ ಮೂರು ಹೊತ್ತಿನಲ್ಲಿ ನಮ್ಮ ಮಲಗುವ ಕೋಣೆಯ ತಲೆದಿಂಬಿನ ಬಳಿ ಏನಿರುತ್ತದೆಂದು ಹೇಳಬೇಕಾಗಿಲ್ಲ. ಅದಕ್ಕೆ ಕ್ಯಾಮರಾ ಇದೆ, ಮೈಕ್ ಇದೆ. ಅವುಗಳನ್ನು ಬಳಸುವ ಅನುಮತಿಯನ್ನು ನಾವೇ ಯಾರ್ಯಾರಿಗೋ ಕೊಟ್ಟಿದ್ದೇವೆ.

ಪ್ರವಾದಿವರ್ಯರ(ಸ) ಕೋಣೆಯೊಳಗೆ ಒಬ್ಬನು ಕಿಂಡಿಯಿಂದ ಇಣುಕಿದ ಘಟನೆ ಬುಖಾರಿಯಲ್ಲಿದೆ. ಅವನ ಮೇಲೆ ಪ್ರವಾದಿಯವರು(ಸ) ತೀವ್ರವಾಗಿ ಕೋಪಿಸಿಕೊಂಡರು. ಅನುಮತಿ ಕೇಳುವ ವಿಧಿ ಇರುವುದೇ ದೃಷ್ಟಿಯ ಕಾರಣಕ್ಕಾಗಿ ಎಂದು ತಿಳಿಸಿದರು. ಕಾಲು ಒಳಗಿಡದಿದ್ದರೂ ಕಣ್ಣು ಒಳಗಿಟ್ಟರೆ ಅದು ಅತಿಕ್ರಮಣವೇ. ಖಲೀಫಾ ಹಝ್ರತ್ ಉಮರ್‌(ರ) ರಾತ್ರಿ ಗಸ್ತಿನಲ್ಲಿ ಒಂದು ಮನೆಯ ಗೋಡೆ ಹತ್ತಿ ಒಳಗಿಳಿದು ಅಲ್ಲಿ ತಪ್ಪು ಮಾಡುತ್ತಿದ್ದವನನ್ನು ಹಿಡಿದ ಪ್ರಸಂಗವೂ ಗ್ರಂಥಗಳಲ್ಲಿ ಉಲ್ಲೇಖವಾಗಿದೆ. ನಾನು ಮಾಡಿದ್ದು ಒಂದು ತಪ್ಪು, ತಾವು ಮಾಡಿದ್ದು ಮೂರು ಎಂದನಂತೆ ಆತ: ಗೂಢಚರ್ಯೆ ನಡೆಸಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಲಿಲ್ಲ. ಖಲೀಫಾ ಅವನನ್ನು ಬಿಟ್ಟು ಹೊರಟರು. ಆಡಳಿತಗಾರನ ಸದುದ್ದೇಶವೂ ಗೋಡೆ ಹಾರಲು ಪರವಾನಗಿಯಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಯಾವುದಿದೆ?

ಹಾಗಿದ್ದೂ ನಮ್ಮ ಹಿರಿಯರಲ್ಲಿ ಅನೇಕರು, ಮುಚ್ಚಿಡಲು ನಮ್ಮಲ್ಲೇನಿದೆ, ತಪ್ಪು ಮಾಡದವನಿಗೆ ಭಯವೇಕೆ ಎನ್ನುತ್ತಾರೆ. ಮನೆಗೆ ಬಾಗಿಲು ಇಡಿಸಿದವರ ಬಾಯಲ್ಲಿ ಈ ಮಾತು ಶೋಭಿಸುವುದಿಲ್ಲ. ಅದಲ್ಲದೆ, ಈ ದೇಶದಲ್ಲಿ ಗುಮಾನಿಗೆ ಗುರಿಯಾಗಲು ತಪ್ಪು ಮಾಡಬೇಕಾಗಿಲ್ಲ ಎಂಬ ಅನುಭವ ಮುಸ್ಲಿಮರಿಗಿಂತ ಹೆಚ್ಚಾಗಿ ಯಾರಿಗಿದೆ? ಆದರೆ ಇದು ಮುಸ್ಲಿಮರ ಗೋಳು ಮಾತ್ರವೂ ಅಲ್ಲ. ಉತ್ತರ ಪ್ರದೇಶದ ಖಡಕ್ ಸಿಂಗ್ ಎಂಬವರನ್ನು ಡಕಾಯಿತಿ ಪ್ರಕರಣವೊಂದರಲ್ಲಿ ಸಾಕ್ಷ್ಯವಿಲ್ಲವೆಂದು ಬಿಡುಗಡೆ ಮಾಡಿದ ಬಳಿಕವೂ ಪೊಲೀಸರು ಮಧ್ಯರಾತ್ರಿಯಲ್ಲಿ ಅವರ ಮನೆಯ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. 1962ರ ಡಿಸೆಂಬರ್‌ನಲ್ಲಿ ಸುಪ್ರೀಮ್ ಕೋರ್ಟ್ ಆ ರಾತ್ರಿ ಭೇಟಿಗಳನ್ನು ರದ್ದುಪಡಿಸಿತಾದರೂ ಖಾಸಗಿತನವು ಸಂವಿಧಾನದತ್ತ ಹಕ್ಕಲ್ಲ ಎಂದು ಬಹುಮತದ ತೀರ್ಪು ನೀಡಿತು. ಆ ಮಾತು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸರಕಾರಗಳ ಕೈಯಲ್ಲಿ ಗುರಾಣಿಯಾಗಿತ್ತು. ಅದನ್ನು ಅಳಿಸಿಹಾಕಿದವರು ನಮ್ಮ ನಾಡಿನ ಹಿರಿಯರು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯ ವಿರುದ್ಧ 2012ರಲ್ಲಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದಾಗ ಎಂಬತ್ತು ದಾಟಿದ್ದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಅವಿರೋಧವಾಗಿ ಘೋಷಿಸಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ನಿಧನರಾದರು. ನಮ್ಮ ಶುಕ್ರವಾರದ ಖುತ್ಬಾಗಳಲ್ಲಿ ಗೂಢಚರ್ಯೆಯ ನಿಷೇಧವನ್ನು ವಿವರಿಸುವಾಗ ಈ ಹಿರಿಯರ ಹೆಸರನ್ನೂ ಕೃತಜ್ಞತೆಯಿಂದ ಸ್ಮರಿಸಿದರೆ ತಪ್ಪೇನಿಲ್ಲ.

ತೀರ್ಪು ಬಂದು ಆರು ವರ್ಷಗಳ ಬಳಿಕ, 2023ರ ಆಗಸ್ಟ್‌ನಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾದುದು 2025ರ ನವೆಂಬರ್‌ನಲ್ಲಿ; ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಮತ್ತೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಯಿತು. ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ಆಗಿರಬೇಕು, ತಪ್ಪಿದರೆ 250 ಕೋಟಿ ರೂಪಾಯಿಯವರೆಗೆ ದಂಡ ಎಂದು ಕಂಪೆನಿಗಳನ್ನು ಬೆದರಿಸುವ ಇದೇ ಕಾಯ್ದೆ, ದೇಶದ ಭದ್ರತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ತನ್ನ ಯಾವುದೇ ಇಲಾಖೆಗೆ ಪೂರ್ಣ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ವ್ಯಾಪಾರಿಗೆ ಬೀಗ, ಸರಕಾರಕ್ಕೆ ಕೀಲಿಕೈ! ಖಲೀಫಾ ಉಮರ್‌ರ(ರ) ಪ್ರಸಂಗದಲ್ಲಿ ಉತ್ತರ ಕೊಡಬೇಕಾದವನು ಗೋಡೆ ಹಾರಿದವನಾಗಿದ್ದ. ಇಲ್ಲಿ ಗೋಡೆ ಹಾರಿದವನು ಉತ್ತರವನ್ನೇ ಕೊಡಬೇಕಾಗಿಲ್ಲ. ಈ ವಿನಾಯಿತಿಯ ವಿರುದ್ಧ ನಮ್ಮ ಸಂಘಟನೆಗಳು ಎಷ್ಟು ಮನವಿ ಸಲ್ಲಿಸಿವೆ?

ಇಲ್ಲಿಯವರೆಗೆ ಹೊರಗಿನವರನ್ನು ದೂರಿದ್ದಾಯಿತು. ಇನ್ನು ಮನೆಯೊಳಗೆ ಬರೋಣ.

2021ರ ಜುಲೈಯಲ್ಲಿ 'ಸುಲ್ಲಿ ಡೀಲ್ಸ್' ಎಂಬ ಹೆಸರಿನಲ್ಲಿ, 2022ರ ಜನವರಿ ಒಂದರಂದು 'ಬುಲ್ಲಿ ಬಾಯಿ' ಎಂಬ ಹೆಸರಿನಲ್ಲಿ ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು ಕದ್ದು 'ಹರಾಜಿ'ಗಿಟ್ಟ ಹೇಯ ಕೃತ್ಯವನ್ನು ಯಾರೂ ಮರೆತಿಲ್ಲ. ಎರಡೂ ಮೈಕ್ರೋಸಾಫ್ಟ್ ಒಡೆತನದ 'ಗಿಟ್‌ಹಬ್' ಎಂಬ ವೇದಿಕೆಯಲ್ಲಿದ್ದವು. ಎರಡನೆಯ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಯುವಕನೂ ಇದ್ದ. ಸಂತ್ರಸ್ತರಲ್ಲಿ ಪತ್ರಕರ್ತೆಯರಿದ್ದರು, ವಿಮಾನ ಚಾಲಕಿ ಇದ್ದರು, ಕಾಣೆಯಾದ ಮಗನಿಗಾಗಿ ಹೋರಾಡುತ್ತಿದ್ದ ವಯೋವೃದ್ಧ ತಾಯಿ ಇದ್ದರು. ಆಗ ನಮ್ಮ ಎಷ್ಟೋ ಮನೆಗಳಲ್ಲಿ ನಡೆದುದೇನು? ಹೆಣ್ಣುಮಕ್ಕಳ ಕೈಯಿಂದ ಫೋನ್ ಕಸಿಯಲಾಯಿತು. ಬರೆಯುತ್ತಿದ್ದವರಿಗೆ ಬರೆಯಬೇಡ ಎನ್ನಲಾಯಿತು. ಫೋಟೋ ಹಾಕಿದ್ದೇ ತಪ್ಪು ಎಂಬ ಉಪದೇಶ ಕೆಲವು ಮಿಂಬರ್‌ಗಳಿಂದಲೂ ಕೇಳಿಬಂತು. ಮಗನ ಭಾವಚಿತ್ರ ಹಿಡಿದು ನ್ಯಾಯ ಕೇಳಿದ ಆ ತಾಯಿ ಮಾಡಿದ ತಪ್ಪು ಯಾವುದು? ಆ ಹೆಣ್ಣುಮಕ್ಕಳನ್ನು ಗುರಿಯಾಗಿಸಿದ್ದು ಅವರ ಮುಖ ಕಂಡಿತೆಂಬ ಕಾರಣಕ್ಕಲ್ಲ, ದನಿ ಕೇಳಿತೆಂಬ ಕಾರಣಕ್ಕೆ. ಕಳವಾದ ಮನೆಯ ಯಜಮಾನಿಯನ್ನೇ ಕೋಣೆಯಲ್ಲಿ ಕೂಡಿಹಾಕಿದರೆ ಕಳ್ಳನ ಕೆಲಸವನ್ನು ನಾವೇ ಪೂರ್ತಿಗೊಳಿಸಿದಂತಾಗುತ್ತದೆ.

ಹೆಣ್ಣುಮಕ್ಕಳ ಫೋಟೋ ಕುರಿತು ಇಷ್ಟು ಕಟ್ಟುನಿಟ್ಟಾಗಿರುವ ಇದೇ ಮನೆಗಳ ಇನ್ನೊಂದು ಮುಖವನ್ನೂ ನೋಡಬೇಕು. ಮಗಳ ನಿಕಾಹ್ ಸಂಬಂಧ ಹುಡುಕುವಾಗ ಆಕೆಯ ಫೋಟೋ, ವಯಸ್ಸು, ಎತ್ತರ, ವಿದ್ಯಾಭ್ಯಾಸ, ತಂದೆಯ ಫೋನ್ ಸಂಖ್ಯೆ, ಮನೆಯ ವಿಳಾಸ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಅಚ್ಚುಕಟ್ಟಾಗಿ ಬರೆದು ವಾಟ್ಸ್ಆ್ಯಪ್ ಗುಂಪುಗಳಿಗೆ ಹರಿಯಬಿಡುತ್ತಾರೆ. ಆ ಗುಂಪಿನಲ್ಲಿರುವ ನೂರಾರು ಅಪರಿಚಿತರು ಯಾರು? ನಿಕಾಹ್ ಆಗಿ ಮಕ್ಕಳಾದ ಬಳಿಕವೂ ಆಕೆಯ ಬಯೋಡೇಟಾ ಯಾವುದೋ ಊರಿನ ಯಾವುದೋ ಫೋನ್‌ನಲ್ಲಿ ಉಳಿದಿರುತ್ತದೆ. ಇದಕ್ಕಾಗಿ ಮಗಳ ಒಪ್ಪಿಗೆ ಕೇಳಿದ ತಂದೆಯರು ಎಷ್ಟು ಮಂದಿ? ನಿಕಾಹ್‌ಗೆ ಆಕೆಯ ಸಮ್ಮತಿ ಕಡ್ಡಾಯವೆಂದು ಕಲಿಸಿದ ಧರ್ಮವು ಆಕೆಯ ಫೋಟೋವನ್ನು ಬೀದಿಗಿಡಲು ಸಮ್ಮತಿ ಬೇಡವೆಂದು ಎಲ್ಲಿ ಹೇಳಿದೆ? ಮಸೀದಿಯ ಒಬ್ಬಿಬ್ಬರು ನಂಬಿಗಸ್ತ ಹಿರಿಯರ ಮೂಲಕ, ಕೇಳಿದ ಕುಟುಂಬಕ್ಕೆ ಮಾತ್ರ ವಿವರ ತಲುಪಿಸುವ ಹಳೆಯ ಪದ್ಧತಿಯಲ್ಲಿ ಯಾವ ಕೊರತೆಯಿತ್ತು?

ಜಮಾಅತ್‌ಗಳ ಲೆಕ್ಕವೂ ಬಾಕಿ ಇದೆ. ರಮಝಾನ್ ಬಂತೆಂದರೆ ಅಕ್ಕಿ, ಎಣ್ಣೆ, ಖರ್ಜೂರದ ಕಿಟ್ ಹಿಡಿದ ವಿಧವೆಯರನ್ನು ಸಾಲಾಗಿ ನಿಲ್ಲಿಸಿ, ಪಕ್ಕದಲ್ಲಿ ಬಿಳಿ ಉಡುಪಿನ ಪದಾಧಿಕಾರಿಗಳು ನಗುತ್ತ ನಿಂತು, ಫೋಟೋ ತೆಗೆದು, ಫೇಸ್‌ಬುಕ್‌ಗೆ ಏರಿಸುವ ಕಾರ್ಯಕ್ರಮ ಪ್ರತಿವರ್ಷ ಸಾಂಗವಾಗಿ ನಡೆಯುತ್ತದೆ. ದಾನಿಗಳು ಗಲ್ಫ್‌ನಲ್ಲಿದ್ದಾರೆ, ಅವರಿಗೆ ಪುರಾವೆ ಬೇಕು ಎಂಬುದು ಸಮಿತಿಗಳ ಸಮರ್ಥನೆ. ಪುರಾವೆಗೆ ರಶೀದಿ ಸಾಲದೇ? ಮುಖವೇ ಏಕೆ ಬೇಕು? ದಾನವನ್ನು ಗುಟ್ಟಾಗಿ ಬಡವರಿಗೆ ತಲುಪಿಸುವುದು ಉತ್ತಮವೆಂದೂ, ಪಡೆದವನ ಮನ ನೋಯಿಸಿದರೆ ದಾನವೇ ವ್ಯರ್ಥವಾಗುವುದೆಂದೂ ಸೂರಃ ಅಲ್ ಬಕರಃ ಕಲಿಸುತ್ತದೆ. ಆ ವಿಧವೆಯ ಮಗ ಮರುದಿನ ಶಾಲೆಗೆ ಹೋದಾಗ ಅವನ ಸಹಪಾಠಿಯ ಫೋನ್‌ನಲ್ಲಿ ತಾಯಿಯ ಚಿತ್ರವಿರುತ್ತದೆ. ಮುಸ್ಲಿಮ್ ಪ್ರೊ ನಮ್ಮನ್ನು ಮಾರಿತೆಂದು ಕೂಗಾಡಿದ ನಾವು, ಆಕೆಯನ್ನು ಒಂದು ಚೀಲ ಅಕ್ಕಿಗೆ ಪ್ರದರ್ಶನಕ್ಕಿಟ್ಟೆವಲ್ಲ!

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಮನಸ್ಸು ಒಪ್ಪದು. ಸಂಶಯಾಸ್ಪದ ಹಣದ ಒಂದು ರೂಪಾಯಿಯನ್ನೂ ಸ್ವೀಕರಿಸದ ನಮ್ಮ ಕೆಲವು ಮದ್ರಸಗಳ ಕಚೇರಿಯಲ್ಲಿ ಓಡುತ್ತಿರುವುದು ಕದ್ದ ವಿಂಡೋಸ್. ಐವತ್ತು ರೂಪಾಯಿಯ ಸಿ.ಡಿ.ಯ ಕಾಲದಿಂದಲೂ ಇದು ನಡೆದುಬಂದಿದೆ. ಕಳವಿನ ಪ್ರಶ್ನೆ ಒಂದು ಕಡೆಗಿರಲಿ. ಬೀಗ ಮುರಿದು ಹಂಚಿದವನು ಅದರೊಳಗೆ ಇನ್ನೇನನ್ನು ತುಂಬಿಸಿದ್ದಾನೆಂದು ಯಾರಿಗೂ ತಿಳಿಯದು, ಮತ್ತು ಆ ಕಂಪ್ಯೂಟರಿನಲ್ಲಿ ಇರುವುದು ಇಡೀ ಮಹಲ್ಲಾದ ಮಕ್ಕಳ ಹೆಸರು, ವಿಳಾಸ, ಆಧಾರ್ ಸಂಖ್ಯೆ. ಇದಕ್ಕೆ ಹಲಾಲ್ ಪರ್ಯಾಯವಿದೆ, ಅದೂ ಉಚಿತವಾಗಿ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ ಮುಕ್ತ ತಂತ್ರಾಂಶ ಚಳವಳಿಯು, ತಂತ್ರಾಂಶದ ಮೂಲ ಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ತತ್ವದ ಮೇಲೆ ನಿಂತಿದೆ. ಲಿನಕ್ಸ್, ಲಿಬ್ರೆಆಫೀಸ್‌ನಂತಹವು ಕನ್ನಡ, ಉರ್ದು, ಅರಬಿ ಮೂರನ್ನೂ ಬಲ್ಲವು. ಒಳಗೆ ಗೂಢಚಾರನಿದ್ದರೆ ಬಲ್ಲವರ ಕಣ್ಣಿಗೆ ಬೀಳುವ ಸಾಧ್ಯತೆಯಾದರೂ ಅಲ್ಲಿದೆ. ಎಂಜಿನಿಯರಿಂಗ್ ಓದಿದ ನಮ್ಮ ಹುಡುಗರು ಊರೂರಿನಲ್ಲಿದ್ದಾರೆ. ರಜೆಯಲ್ಲಿ ಬಂದಾಗ ಅವರಿಂದ ಮಸೀದಿಯ ಧ್ವನಿವರ್ಧಕ ದುರಸ್ತಿ ಮಾಡಿಸುವ ಬದಲು, ಜಾಹೀರಾತಿಲ್ಲದ, ಸ್ಥಳ ಕೇಳದ, ಕನ್ನಡದಲ್ಲಿ ವೇಳೆ ತಿಳಿಸುವ ಒಂದು ಪುಟ್ಟ ನಮಾಝ್ ಆ್ಯಪ್ ಮಾಡಿಸಿದರಾಗದೇ? ಅದರ ಲೆಕ್ಕಾಚಾರವನ್ನು ಶತಮಾನಗಳ ಹಿಂದೆಯೇ ನಮ್ಮ ಮುವಕ್ಕಿತ್‌ಗಳು ಮಾಡಿಟ್ಟಿದ್ದಾರೆ.

ಅಲ್ಲಿಯವರೆಗೆ, ಓದುಗರು ತಮ್ಮ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಥಳದ ಅನುಮತಿ ಯಾವ್ಯಾವ ಆ್ಯಪ್‌ಗಳಿಗಿದೆ ಎಂಬ ಪಟ್ಟಿಯನ್ನೊಮ್ಮೆ ತೆರೆದು ನೋಡಲಿ. ಟಾರ್ಚ್‌ಗೆ ನಿಮ್ಮ ಸ್ಥಳವೇಕೆ, ಮಕ್ಕಳ ಆಟಕ್ಕೆ ನಿಮ್ಮ ಸಂಪರ್ಕ ಸಂಖ್ಯೆಗಳೇಕೆ ಎಂದು ಕೇಳಲಿ. ನಮಾಝ್ ಆ್ಯಪ್‌ಗೆ ಊರಿನ ಹೆಸರನ್ನು ಕೈಯಾರೆ ತುಂಬಿ ಸ್ಥಳದ ಅನುಮತಿಯನ್ನು ಹಿಂಪಡೆಯಲಿ. ಜಮಾಅತ್ ಸಮಿತಿಗಳಿಗೆ ಒಂದು ಮಾತು: ಹೊಸ ಕಾಯ್ದೆಯು ವ್ಯಕ್ತಿಯ ಸ್ವಂತ ಅಥವಾ ಮನೆಬಳಕೆಯ ಮಾಹಿತಿಗೆ ವಿನಾಯಿತಿ ಕೊಟ್ಟಿದೆ. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇತರರ ವಿವರ ಕೂಡಿಡುವ ಸಂಘ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಬಡವರ ಪಟ್ಟಿ ಯಾರ ಫೋನ್‌ನಲ್ಲಿದೆ, ಎಷ್ಟು ಮಂದಿಗೆ ರವಾನೆಯಾಗಿದೆ ಎಂಬ ಲೆಕ್ಕವನ್ನು ಅಧ್ಯಕ್ಷರು ಈಗಲೇ ತೆಗೆಯಲಿ. ಮುಂದಿನ ರಮಝಾನ್‌ನ ಕಿಟ್‌ಗಳಿಗಾಗಿ ಸಭೆ ಸೇರುವಾಗ ಫೋಟೋ ಮತ್ತು ಬ್ಯಾನರ್‌ನ ಖರ್ಚನ್ನು ಲೆಕ್ಕಪುಸ್ತಕದಿಂದ ತೆಗೆದುಹಾಕಲಿ. ಆ ಹಣದಲ್ಲಿ ಇನ್ನೂ ನಾಲ್ಕು ಮನೆಗಳಿಗೆ ಅಕ್ಕಿ ತಲುಪುತ್ತದೆ.